ತಾರೀಕಿನ ಶೀರಾ

ಲೀಲಾಧರ ವಕೀಲರು ಕಿರಿಯರನ್ನು ಬೆಳೆಸುತ್ತಾರೆ ಎಂಬ ಮಾತು ಮುಂಬಯಿ ಬಳಿಯ ಠಾಣೆಯಿಂದ ಬದಲಾಪುರದವರೆಗಿನ ಕನ್ನಡಿಗರೆಲ್ಲರ ಬಾಯಲ್ಲಿತ್ತು. ಡೊಂಬಿವಲಿಯ ಕನ್ನಡ ಸಂಘದ ಸಭಾಂಗಣದಲ್ಲಿ ಭಾನುವಾರ ಹೊಸ ವಕೀಲರನ್ನು ಸೇರಿಸಿ, ಹೋಟೆಲು ಮಾಲೀಕರಿಗೆ ಪರಿಚಯಿಸಿ, ಒಂದಿಷ್ಟು ಉಪದೇಶ ಮಾಡಿ, ಇಡ್ಲಿ ವಡೆ ತಿನ್ನಿಸಿ ಕಳಿಸುತ್ತಿದ್ದರು. ಹಾಗೆ ಬೆಳೆದವರು ಯಾರು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಸೌಜನ್ಯ ಅವರ ಕೈಕೆಳಗೆ ಸೇರಿದ್ದು 2008ರಲ್ಲಿ. ಕಲ್ಯಾಣದ ಕೋರ್ಟಿನಲ್ಲಿ ಅವಳಿಗಿದ್ದ ಕೆಲಸ ಒಂದೇ, ತಾರೀಕು ತೆಗೆದುಕೊಳ್ಳುವುದು. ಸಾಹೇಬರು ಬೇರೆ ಕೋರ್ಟಿನಲ್ಲಿದ್ದಾರೆ, ಮುಂದಿನ ದಿನ ಕೊಡಿ ಎಂದು ಮರಾಠಿಯಲ್ಲಿ ವಿನಯದಿಂದ ಕೇಳಬೇಕು. ಜಡ್ಜು ಕೊಟ್ಟ ದಿನವನ್ನು ಡೈರಿಯಲ್ಲಿ ಬರೆದುಕೊಂಡು, ತಲೆಬಾಗಿಸಿ ಹೊರಬರಬೇಕು. ವಾದ ಮಾಡಲು ಯಾವಾಗ ಬಿಡುತ್ತೀರಿ ಎಂದರೆ, ಮೊದಲು ನಿಲ್ಲಲು ಕಲಿ ಎನ್ನುತ್ತಿದ್ದರು. ವರ್ಷಗಟ್ಟಲೆ ನಿಂತಳು, ಪಾಪದ ಹುಡುಗಿ.

ಅವಳನ್ನು ಓದಿಸಿದ್ದು ಚಿಕ್ಕಮ್ಮ ಜಲಜಾಕ್ಷಿ. ಡೊಂಬಿವಲಿ ಸ್ಟೇಷನ್ನಿನ ಹತ್ತಿರ, ಬಾಡಿಗೆಯ ಜಾಗದಲ್ಲಿ ಖಾನಾವಳಿ ನಡೆಸುತ್ತಿದ್ದಳು. ಕೋರ್ಟಿನ ಸಂಗತಿ ಏನೂ ತಿಳಿಯದ ಆಕೆಗೆ, ಇವತ್ತೂ ತಾರೀಕು ಸಿಕ್ಕಿತು ಎಂದು ಸೌಜನ್ಯ ಸಂಜೆ ಬಂದು ಹೇಳಿದರೆ ಅದು ಗೆಲುವೇ. ಕೂಡಲೇ ಬಾಣಲೆ ಇಟ್ಟು ರವೆ ಹುರಿದು ಶೀರಾ ಮಾಡಿಕೊಡುತ್ತಿದ್ದಳು. ನಾಚಿಕೆಯಿಂದ ಸೌಜನ್ಯ ಅವಳನ್ನು ತಿದ್ದಲೇ ಇಲ್ಲ.

ಆ ಖಾನಾವಳಿಯನ್ನೇ ಖಾಲಿ ಮಾಡಿಸಲು ಜಾಗದ ಮಾಲೀಕ ದಾವೆ ಹೂಡಿ ಗೆದ್ದ. ಚಿಕ್ಕಮ್ಮನ ವಕೀಲರು ಮೇಲ್ಮನವಿ ಹಾಕಿ ತಡೆಯಾಜ್ಞೆ ತಂದವರು, ಕಾಯಿಲೆ ಬಿದ್ದು ಊರಿಗೆ ಹೊರಟುಹೋದರು. ತಡೆ ಇದ್ದದ್ದು ಮುಂದಿನ ವಿಚಾರಣೆಯ ದಿನದವರೆಗೆ ಮಾತ್ರ. ಅಷ್ಟರಲ್ಲಿ ಮಾಲೀಕನ ವಕಾಲತ್ತನ್ನು ಲೀಲಾಧರರೇ ವಹಿಸಿಕೊಂಡರು. ಸೌಜನ್ಯ ಅತ್ತಾಗ, ಚಿಕ್ಕಮ್ಮನ ಪರವಾಗಿ ನೀನೇ ನಿಲ್ಲು, ಎದುರಿಗೆ ನಾನಿರುವಾಗ ಹೆದರಿಕೆ ಏನು ಎಂದು ಬೆನ್ನು ತಟ್ಟಿದರು. ಅಂಥ ಕೈಗೆ ಹುಳ ಬೀಳಬೇಕು.

ವಾರವೆಲ್ಲ ಓದಿ, ವಾದವನ್ನು ಬಾಯಿಪಾಠ ಮಾಡಿಕೊಂಡು ಬಂದಳು. ಕೇಸು ಕೂಗಿದಾಗ ಎದ್ದು ನಿಂತಳು. ಲೀಲಾಧರರು ಅವಳ ಕಡೆ ಬಾಗಿ ಮೆಲ್ಲಗೆ ಹೇಳಿದರು:

"ಹೆದರಿದ್ದಿ ಅಲ್ವಾ? ಒಂದು ತಾರೀಕು ತೆಗೊ ಮಗಾ. ನಾನು ಬೇಡ ಹೇಳುದಿಲ್ಲ."

ಆ ಸ್ವರ ಕೇಳಿದ್ದೇ ತಡ, ಅವಳ ಬಾಯಿ ತಾನಾಗಿ ತಾರೀಕು ಕೇಳಿತು. ಆಕ್ಷೇಪಣೆ ಇಲ್ಲ ಎಂದರು ಲೀಲಾಧರರು. ಜಡ್ಜು ದಿನ ಬರೆದರು. ಆಮೇಲೆ ಪೆನ್ನು ಎತ್ತಿ ಹಿಡಿದು, ಅವಳ ಮುಖವನ್ನೇ ನೋಡುತ್ತ, ಬೇರೇನಾದರೂ ಕೇಳುವುದಿದೆಯೇ ಎಂದರು. ಏನೂ ಇಲ್ಲ ಎಂದು ತಲೆಬಾಗಿಸಿ, ಡೈರಿಯಲ್ಲಿ ಬರೆದುಕೊಂಡು ಹೊರಬಂದಳು. ಹೊರಗೆ ಲೀಲಾಧರರು ಇನ್ನೆರಡು ಫೈಲು ಕೈಗಿತ್ತರು. ಅವಕ್ಕೂ ತಾರೀಕು ತಂದಳು.

ಕೋರ್ಟು ಮುಚ್ಚಿದ ಮೇಲೆ ಲೀಲಾಧರರು ಅವಳನ್ನು ಚೇಂಬರಿಗೆ ಕರೆದು ಚಹಾ ತರಿಸಿದರು.

"ಇವತ್ತು ನಿನಗೊಂದು ಪಾಠ ಆಯ್ತು. ತಡೆ ಮುಂದುವರಿಸಿ ಅಂತ ನೀನು ಕೇಳ್ಲೇ ಇಲ್ಲ. ತಡೆ ಹೋಯ್ತು. ನಾಳೆ ಬೆಳಿಗ್ಗೆ ಕೋರ್ಟಿನ ಬೇಲಿಫ್ ಬಂದು ಖಾನಾವಳಿಗೆ ಬೀಗ ಹಾಕ್ತಾನೆ. ಇನ್ನು ಈ ಜನ್ಮದಲ್ಲಿ ಮರೆಯುದಿಲ್ಲ ನೀನು. ನನ್ನ ಸೀನಿಯರ್ ನನಗೂ ಹೀಗೇ ಕಲಿಸಿದ್ದು."

ಅಷ್ಟು ಹೇಳಿ, ಚಹಾ ಆರುತ್ತಿದೆ ಕುಡಿ ಎಂದರು. ಕೂಗಾಡಬೇಕೆಂದು ಅವಳಿಗೆ ಅನ್ನಿಸಿತು. ಆದರೆ ಆ ಮನುಷ್ಯನ ಎದುರು ದನಿ ಎತ್ತುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಚಹಾ ಕುಡಿದು ಎದ್ದಳು.

ಡೊಂಬಿವಲಿಯಲ್ಲಿ ಲೋಕಲ್ ರೈಲು ಇಳಿದು ಬಂದಾಗ ಚಿಕ್ಕಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಏನಾಯಿತು ಎಂದು ಕೇಳಿದಳು. ತಾರೀಕು ಸಿಕ್ಕಿತು, ಆದರೆ... ಎಂದಳು ಸೌಜನ್ಯ. ಆ ಆದರೆಯನ್ನು ಕೇಳಲು ಚಿಕ್ಕಮ್ಮ ಅಲ್ಲಿ ಇರಲೇ ಇಲ್ಲ. ಆಗಲೇ ಒಳಗೆ ಹೋಗಿ, ಊಟಕ್ಕೆ ಕುಳಿತ ಗಿರಾಕಿಗಳಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು:

"ಯಾರೂ ಏಳ್ಬೇಡಿ ಮಾರಾಯ್ರೆ. ನಮ್ಮ ಹುಡುಗಿ ಗೆದ್ದು ಬಂದಿದ್ದಾಳೆ. ಇವತ್ತು ಎಲ್ಲರಿಗೂ ಶೀರಾ."

ದೊಡ್ಡ ಬಾಣಲೆಯಲ್ಲಿ ತುಪ್ಪ ಕಾಯಿತು. ಮೊದಲ ತಟ್ಟೆ ಸೌಜನ್ಯಳ ಮುಂದೆ ಬಂತು. ಚಿಕ್ಕಮ್ಮ ಎದುರಿಗೇ ನಿಂತು ನೋಡುತ್ತಿದ್ದಳು. ಸೌಜನ್ಯ ಅದನ್ನು ಪೂರ್ತಿ ತಿಂದಳು.