ಪಟ್ಟಿಯ ಮೇಲೆ ಎರಡು ಗೆರೆ

ಪಟ್ಟಿಯಲ್ಲಿ ಎರಡು ಗೆರೆ ಮೂಡಿದಾಗ ಒಲಿಂಡಾ ಬಾತ್‌ರೂಮಿನ ಬಾಗಿಲಿಗೆ ಒರಗಿ ಅತ್ತಳು. ಎರಡು ಗೆರೆ ಎಂದರೆ ಮಗನ ಮೂತ್ರದಲ್ಲಿ ಗಾಂಜಾ ಇಲ್ಲ. ನರ್ಸ್ ಆದ ಅವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಸಾರಿ ಪುತಾ. ಸುಮ್ಮನೆ ಸಂಶಯಪಟ್ಟೆ," ಎಂದಳು. "ಕಾಲೇಜಿನಲ್ಲಿ ತಲೆ ತಿರುಗಿ ಬಿದ್ದದ್ದು ಖಾಲಿ ಹೊಟ್ಟೆಗೆ ಇರಬೇಕು."

ಅಮ್ಮ ಪರೀಕ್ಷೆಯ ಕಿಟ್ ತಂದಾಗ ಡಿಯೋನ್‌ಗೆ ಹೆದರಿಕೆಗಿಂತ ಹೆಚ್ಚಾಗಿ ಆಸೆ ಹುಟ್ಟಿತ್ತು. ಸಿಕ್ಕಿಬಿದ್ದರೆ ಯಾರಾದರೂ ತನ್ನನ್ನು ತಡೆಯುತ್ತಾರೆ ಎಂಬ ಆಸೆ.

ಆದರೆ ಗೆಳೆಯ ಸೆಡ್ರಿಕ್ ಹೇಳಿದ್ದೇ ನಿಜವಾಯಿತು. "ಇದು ಗಾಂಜಾ ಅಲ್ಲ ಮಾರಾಯ, ಕೆಮಿಕಲ್," ಎಂದು ಪಣಂಬೂರು ಬೀಚಿನಲ್ಲಿ ವೇಪ್ ಎಂಬ ಇ-ಸಿಗರೇಟನ್ನು ಕೈಗಿಡುತ್ತಾ ನಕ್ಕಿದ್ದ. "ನಿನ್ನ ಮಮ್ಮಿಯ ಆಸ್ಪತ್ರೆಯ ಕಿಟ್‌ಗೆ ಸಹ ಇದರ ಗುರುತು ಸಿಗುವುದಿಲ್ಲ."

ಮೊದಮೊದಲು ತಮಾಷೆಯಾಗಿತ್ತು. ಈಗ ಎಳೆದರೆ ಎದೆ ಹೊಡೆದುಕೊಂಡು ಕಣ್ಣು ಕತ್ತಲಿಡುತ್ತದೆ. ಎಳೆಯದಿದ್ದರೆ ಬೆವರು, ವಾಂತಿ.

ಅಡುಗೆಮನೆಯಲ್ಲಿ ಅಮ್ಮ ಅವನಿಗಿಷ್ಟದ ಕೋಳಿ ಸುಕ್ಕಾ ಮಾಡುತ್ತಿದ್ದಳು.

"ಮಮ್ಮಿ, ಟೆಸ್ಟಲ್ಲಿ ಬಾರದ್ದು ಸಹ ಉಂಟಲ್ಲ?"

"ಎಂತ ಬಾರದ್ದು? ದಿನಾ ನೋಡುವವಳಿಗೆ ಪಾಠ ಮಾಡ್ಲಿಕ್ಕೆ ಬಂದ. ನಿನ್ನ ಡ್ಯಾಡಿಗೆ ಫೋನ್ ಮಾಡಿ ಆಯ್ತು. ದುಬೈಯಲ್ಲಿ ಪಾಪ, ಊಟ ಸಹ ಮಾಡಿರಲಿಲ್ಲ. ಇನ್ನು ಆ ಮಾತು ಬೇಡ."

ಸಂಜೆಯ ತೆರ್ಸಿಗೆ, ಜಪಮಾಲೆಯ ಪ್ರಾರ್ಥನೆಗೆ, ಅಮ್ಮ, ಮಗ, ಅಜ್ಜಿ ಮೂವರೂ ಮನೆಯ ಅಲ್ತಾರಿನ, ದೇವರ ಪೀಠದ, ಮುಂದೆ ಮೊಣಕಾಲೂರಿದರು. ದೇವರಿಗೆ ಉಪಕಾರ ಹೇಳಲು ಇವತ್ತು ಡಿಯೋನ್‌ನೇ ಮುನ್ನಡೆಸಲಿ ಎಂದಳು ಒಲಿಂಡಾ. ಮುನ್ನಡೆಸುವವನು ಪ್ರಾರ್ಥನೆಯ ಮೊದಲರ್ಧ ಹೇಳಬೇಕು, ಉಳಿದರ್ಧ ಉಳಿದವರದು.

"ನಮಾನ್ ಮರಿಯೆ," ಎಂದು ಅವನು ಶುರುಮಾಡಿದ. ಅಮ್ಮ, ಅಜ್ಜಿ ಕಣ್ಣು ಮುಚ್ಚಿಕೊಂಡು ಉಳಿದರ್ಧ ಮುಗಿಸಿದರು. ಮತ್ತೆ ಅವನು, ಮತ್ತೆ ಅವರು. ಸ್ವಲ್ಪ ಹೊತ್ತಿನಲ್ಲಿ ಬೆವರಿದ ಬೆರಳಿನಿಂದ ಮಣಿ ಜಾರಿತು. ಅಂಗಿ ಬೆನ್ನಿಗೆ ಅಂಟಿತ್ತು. ಚಾಪೆಯ ಅಂಚನ್ನು ಹಿಡಿದುಕೊಂಡ. ಅವರಿಬ್ಬರೂ ಕಾದರು. ಹೇಳಿಬಿಡಲು ಇಷ್ಟು ದಿನ ಮನೆಯಲ್ಲಿ ಅವನು ಹುಡುಕುತ್ತಿದ್ದ ಮೌನ ಇಲ್ಲಿ ಸಿಕ್ಕಿತ್ತು.

"ಮಮ್ಮಿ, ನಾನು ಎಳೀತೇನೆ. ಬಿಡ್ಲಿಕ್ಕೆ ಆಗುವುದಿಲ್ಲ," ಎಂದ.

ಅವನ ದನಿ ನಿಂತದ್ದಷ್ಟೇ ಅಜ್ಜಿಗೆ ಗೊತ್ತಾದದ್ದು. ಎಂದಿನ ರಾಗದಲ್ಲೇ ಅವಳು "ಭಾಗೆವಂತ್ ಮರಿಯೆ" ಎಂದು ಉಳಿದರ್ಧವನ್ನು ಎತ್ತಿಕೊಂಡಳು.

ಒಲಿಂಡಾ ಕಣ್ಣು ತೆರೆದಳು. ಮಗನ ಮುಖವನ್ನು, ಅವನ ಕೈಯನ್ನು ನೋಡಿದಳು. ಆಮೇಲೆ ಅಲ್ತಾರಿನ ಕಡೆ ತಿರುಗಿ ಅತ್ತೆಯ ದನಿಗೆ ದನಿ ಸೇರಿಸಿದಳು, ಮೊದಲಿಗಿಂತ ಗಟ್ಟಿಯಾಗಿ.

ಆಮೆನ್ ಆಯಿತು. ಇಬ್ಬರೂ ಅವನ ಅರ್ಧಕ್ಕಾಗಿ ಕಾಯುತ್ತಿದ್ದರು.