ಘಾಟಿ ಇಳಿಸಿದ ಸ್ವರ

"ಮಲಗಿದ್ದಾನೆ ಬೇವರ್ಸಿ! ಇಂಜಿನ್ ಆನ್ ಇಟ್ಟು, ಎ.ಸಿ. ಹಾಕಿ ಮಲಗಿದ್ದಾನೆ! ಡೀಸೆಲ್ ಅವನ ಅಪ್ಪನ ಮನೆಯದ್ದಾ? ಫೋನ್ ಮಾಡು ಹರ್ಷಿತಾ, ಎಂತ ನೋಡ್ತಾ ಕೂತಿದ್ದಿ?"

ಶೈಲೇಶ್ ಧಣಿ ಹರ್ಷಿತಾಳ ಕುರ್ಚಿಯ ಹಿಂದೆ ನಿಂತು ಕಿರುಚುತ್ತಿದ್ದ. ಬಂದರಿನ ಹತ್ತಿರದ ಬೈಕಂಪಾಡಿಯ ಆ ಟ್ರಾನ್ಸ್‌ಪೋರ್ಟ್ ಕಂಪೆನಿಯ ಮಾಳಿಗೆಯಲ್ಲಿ ಗೋಡೆಗೊಂದು ದೊಡ್ಡ ಸ್ಕ್ರೀನ್ ಹಾಕಿದ್ದಾರೆ. ಕಂಪೆನಿಯ ಲಾರಿಗಳೆಲ್ಲ ಅದರಲ್ಲಿ ಚುಕ್ಕಿಗಳಾಗಿ ಹರಿದಾಡುತ್ತವೆ. ಓಡುತ್ತಿರುವುದು ಹಸಿರು, ಇಂಜಿನ್ ಬಂದ್ ಮಾಡಿ ನಿಂತದ್ದು ಕೆಂಪು, ಇಂಜಿನ್ ಆನ್ ಇಟ್ಟುಕೊಂಡೇ ನಿಂತದ್ದು ಹಳದಿ. ಹಳದಿ ಕಂಡರೆ ಧಣಿಯ ಮೈ ಉರಿಯುತ್ತದೆ. ಹಳದಿ ಎಂದರೆ ಡ್ರೈವರ್ ನಿದ್ದೆ ಹೊಡೆಯುತ್ತಿದ್ದಾನೆ, ಡೀಸೆಲ್ ಸುಡುತ್ತಿದೆ ಎಂದೇ ಆ ಕೋಣೆಯಲ್ಲಿ ಅರ್ಥ. ಬೇರೆ ಅರ್ಥವೂ ಇರಬಹುದೆಂದು ಅಲ್ಲಿ ಯಾರೂ ಯಾರಿಗೂ ಕಲಿಸಿರಲಿಲ್ಲ.

ಘಾಟಿಯ ಬುಡದಲ್ಲಿ, ಗುಂಡ್ಯದ ಹತ್ತಿರ ಹಳದಿಯಾಗಿ ನಿಂತದ್ದು ಬೋಜಣ್ಣನ ಗಾಡಿ. ಹಾಸನದ ಕಡೆಯಿಂದ ಕಾಫಿಯ ಕಂಟೇನರ್ ಹೇರಿಕೊಂಡು ಬರುತ್ತಿತ್ತು. ಮಧ್ಯಾಹ್ನದೊಳಗೆ ಬಂದರಿನ ಗೇಟು ದಾಟದಿದ್ದರೆ ಹಡಗು ಬಿಟ್ಟುಹೋಗುತ್ತದೆ.

ಹರ್ಷಿತಾ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಧಣಿಯ ಉಸಿರು ಅವಳ ಕುತ್ತಿಗೆಗೆ ತಾಗುತ್ತಿತ್ತು. ಕೊನೆಗೆ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ವಾಯ್ಸ್ ಮೆಸೇಜ್ ಕಳಿಸಿದಳು: "ಎಂತ ಬೋಜಣ್ಣ, ನಿದ್ದೆಯಾ? ನಿಮ್ಮಿಂದಾಗಿ ನಾನಿಲ್ಲಿ ಬೈಗುಳ ತಿಂತಾ ಇದ್ದೇನೆ. ಸ್ವಲ್ಪವಾದ್ರೂ ನಾಚಿಕೆ ಬೇಡವಾ?"

"ಹಾಂ, ಹಾಗೆ!" ಎಂದ ಧಣಿ.

ಬೋಜಣ್ಣ ನಿದ್ದೆ ಹೊಡೆಯುತ್ತಿದ್ದಾನೆಂದು ಅವಳಿಗೆ ಅನ್ನಿಸಲಿಲ್ಲ. ಬೆಳಿಗ್ಗೆ ಸಕಲೇಶಪುರ ದಾಟುವ ಮೊದಲು ಬೋಜಣ್ಣನೇ ಫೋನ್ ಮಾಡಿದ್ದ. ರಾತ್ರಿಯಿಡೀ ಗಾಡಿ ಓಡಿಸಿದವನ ಸ್ವರ ಒಣಗಿ ಹೋಗಿತ್ತು.

"ತಂಗಿ, ಎದೆ ಹಿಡಿದ ಹಾಗೆ ಆಗ್ತಾ ಉಂಟು. ಎಡ ಕೈ ಜೋಮು. ಗ್ಯಾಸ್ ಇರ್ಬೇಕು. ಇಲ್ಲೇ ಸ್ವಲ್ಪ ಅಡ್ಡಾಗ್ತೇನೆ, ಆಮೇಲೆ ಘಾಟಿ ಇಳಿತೇನೆ. ಆಗದಾ?"

ಫೋನ್ ಸ್ಪೀಕರಿನಲ್ಲಿತ್ತು. ಧಣಿ ಕಣ್ಣು ಕೆಂಪು ಮಾಡಿ ಬೆರಳು ಅಲ್ಲಾಡಿಸಿದ್ದ.

ಫೋನಿಗೆ ಹುಡುಗಿಯರನ್ನೇ ಕೂರಿಸುವುದು ಅವನ ಉಪಾಯ. ಗಂಡಸು ಅವಸರ ಮಾಡಿದರೆ ಡ್ರೈವರುಗಳು ಅವನ ಹುಟ್ಟಿಗೇ ಬೈದು ಫೋನ್ ಇಡುತ್ತಾರೆ. ಹುಡುಗಿ "ಅಣ್ಣಾ" ಎಂದರೆ ಕಣ್ಣುಜ್ಜಿಕೊಂಡು ಗೇರು ಹಾಕುತ್ತಾರೆ. ಹರ್ಷಿತಾ ಕೆಲಸಕ್ಕೆ ಸೇರಿದ ದಿನವೇ ಅವನು ಹೇಳಿಕೊಟ್ಟದ್ದು ಅದನ್ನು. ಅವಳೂ ಚೆನ್ನಾಗಿಯೇ ಕಲಿತಿದ್ದಳು.

"ಅಣ್ಣಾ, ಒಂದು ಸೋಡಾ ಕುಡಿದು ಹೊರಡಿ ಅಣ್ಣಾ, ಪ್ಲೀಸ್. ಈ ಗಾಡಿ ಬರ್ಲಿಲ್ಲಾಂದ್ರೆ ನನ್ನ ಕೆಲಸ ಹೋಗ್ತದೆ."

"ಆಯ್ತು ಮಗಾ, ನಿನ್ನ ಕೆಲಸ ಯಾಕೆ ಹೋಗ್ಬೇಕು" ಎಂದು ಬೋಜಣ್ಣ ಹೊರಟಿದ್ದ.

ಈಗ ಇನ್ನೊಬ್ಬ ಡ್ರೈವರ್ ಯಾದವಣ್ಣನ ಫೋನ್ ಬಂತು. ಅವನ ಗಾಡಿ ಬೋಜಣ್ಣನದ್ದರ ಹಿಂದೆಯೇ ಇತ್ತು.

"ಹರ್ಷಿತಾ, ಬೋಜನ ಗಾಡಿ ಇಲ್ಲಿ ಸೈಡಿಗುಂಟು ಮಾರಾಯ್ತಿ. ಇಳಿದು ನೋಡ್ಲಾ?"

ನೋಡಿ ಅಣ್ಣಾ, ಬೇಗ ನೋಡಿ ಎಂಬ ಮಾತು ಅವಳ ನಾಲಗೆಯ ಮೇಲೇ ಇತ್ತು.

"ಅವನ ಗಾಡಿಯೂ ನಿಲ್ಲಿಸ್ತೀಯಾ?" ಧಣಿ ಹಲ್ಲು ಕಚ್ಚಿ ಪಿಸುಗುಟ್ಟಿದ. "ಎರಡೂ ಲೋಡು ಮುಳುಗ್ಲಿ ಅಂತಾ?"

"ಬೇಡ ಅಣ್ಣಾ" ಎಂದಳು. "ಅವರು ಮಲಗಿದ್ದಾರೆ ಅಷ್ಟೆ. ನೀವು ಬನ್ನಿ."

ಯಾದವಣ್ಣನ ಚುಕ್ಕಿ ಹಸಿರಾಗಿಯೇ ಬೋಜಣ್ಣನ ಚುಕ್ಕಿಯನ್ನು ದಾಟಿಕೊಂಡು ಬಂತು. ಅವನ ಕಂಟೇನರ್ ಹೊತ್ತಿಗೆ ಸರಿಯಾಗಿ ಬಂದರು ಸೇರಿತು.

ಬೋಜಣ್ಣನ ಫೋನನ್ನು ಕೊನೆಗೂ ಯಾರೋ ಎತ್ತಿದರು. ರಸ್ತೆ ಬದಿಯ ಎಳನೀರಿನವನು. "ಈ ಡ್ರೈವರ್ ಸ್ಟೇರಿಂಗ್ ಮೇಲೆ ಬಿದ್ದಿದ್ದಾರೆ. ಎಷ್ಟು ಕರೆದ್ರೂ ಏಳುದಿಲ್ಲ" ಎಂದ. ಗಾಡಿಯನ್ನು ಸರಿಯಾಗಿ ಸೈಡಿಗೆ ಹಾಕಿ ನಿಲ್ಲಿಸಿದ್ದನಂತೆ. ನಿಲ್ಲಿಸಿದ ಮೇಲೂ ಸುಮಾರು ಹೊತ್ತು ಜೀವ ಇದ್ದಿರಬೇಕು ಎಂದು ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು.

ಆ ಮಾತು ಹರ್ಷಿತಾಳನ್ನು ಬಿಡಲಿಲ್ಲ. ಮನೆಯಲ್ಲಿ ಅವಳ ಅಮ್ಮ ದಮಯಂತಿ ಮೀನು ಮಾರಿ ಬಂದು, ಸಾರು ಮಾಡಿ ಬಡಿಸಿದಳು. ಒಂದು ತುತ್ತೂ ಒಳಗೆ ಹೋಗಲಿಲ್ಲ. ನಾಚಿಕೆ ಬೇಡವಾ ಎಂದು ತಾನು ಕೇಳುವಾಗ ಅವನಿಗೆ ಕೇಳಿಸುತ್ತಿತ್ತೋ ಏನೋ. ತಾನೇ ಕೊಂದೆ ಎಂದು ಅಮ್ಮನಿಗೆ ಹೇಳಹೊರಟು ತಟ್ಟೆಯ ಮುಂದೆಯೇ ಅತ್ತಳು.

ಮರುದಿನ ಡ್ರೈವರುಗಳು ಹೆಣವಿದ್ದ ಆಂಬುಲೆನ್ಸನ್ನು ಶಕ್ತಿನಗರದ ಬೋಜಣ್ಣನ ಮನೆಗೆ ಒಯ್ಯುವ ಮೊದಲು ಕಂಪೆನಿಯ ಯಾರ್ಡಿಗೆ ತಂದು ನಿಲ್ಲಿಸಿದರು. ಧಣಿ ಕೆಳಗೆ ಇಳಿಯಲಿಲ್ಲ. ಬೋಜಣ್ಣನ ಹೆಂಡತಿ ಚಂಪಾಳನ್ನು ಮೇಲೆ ಕರೆಸಿದ. ಅವಳು ಬರುವ ಮೊದಲೇ ಹರ್ಷಿತಾಳಿಗೆ ಪಾಠ ಹೇಳಿದ:

"ನೋವು ಅಂತ ಅವನು ಹೇಳ್ಲೇ ಇಲ್ಲ. ರೆಸ್ಟ್ ಮಾಡು ಅಂತ ನಾವು ಹೇಳಿದ್ದು, ಅವನು ಕೇಳ್ಲಿಲ್ಲ. ಗೊತ್ತಾಯ್ತಾ? ನಾನು ಹೇಳಿದ್ರೆ ಆ ಹೆಂಗಸು ನಂಬುದಿಲ್ಲ, ನೀನು ಹೇಳು."

ಚಂಪಾ ಬೀಡಿ ಕಟ್ಟಿ ಕಟ್ಟಿ ಬೆರಳ ತುದಿ ಕಪ್ಪಾದ ಹೆಂಗಸು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಕಂಪೆನಿದು ಎಂತ ತಪ್ಪಿಲ್ಲ ಚಂಪಕ್ಕ" ಧಣಿ ಶುರು ಮಾಡಿದ. "ಅವನದ್ದೇ ಹಠ. ಕುಡಿದಿದ್ದನೋ ಏನೋ, ಅದು ಬೇರೆ. ಈ ಹುಡುಗಿ ಎಷ್ಟು ಹೇಳಿದ್ಳು, ರೆಸ್ಟ್ ಮಾಡಿ ಅಂತ. ಹೇಳು ಹರ್ಷಿತಾ."

ಚಂಪಾ ಅವಳ ಕಡೆ ತಿರುಗಿದಳು. "ಅವರು ನಿನ್ನ ಹತ್ತಿರ ಕೊನೆಗೆ ಎಂತ ಹೇಳಿದ್ರು?"

ಹರ್ಷಿತಾಳ ಬಾಯಿಗೆ ಆ ಸಿಹಿ ಸ್ವರವೇ ಬಂತು. "ಅಕ್ಕಾ..." ಎಂದವಳು ತನ್ನ ಸ್ವರದ ಮೇಲೇ ಹೇಸಿಗೆಯಾಗಿ ನಿಲ್ಲಿಸಿದಳು.

"ಎದೆ ಹಿಡಿತಾ ಉಂಟು, ಮಲಗ್ತೇನೆ ಅಂತ ಹೇಳಿದ್ರು" ಎಂದಳು. "ಸರ್ ಇಲ್ಲೇ ನಿಂತು ಕೇಳ್ತಾ ಇದ್ರು. ಬೇಡ ಅಂತ ಬೆರಳು ಮಾಡಿದ್ರು. ನಾನು ಹೊರಡಿ ಅಂದೆ. ನನ್ನ ಕೆಲಸ ಹೋಗ್ತದೆ ಅಂದೆ."

"ಏಯ್! ಎಂತ ಬೊಗಳ್ತಿ?"

ಚಂಪಾ ಧಣಿಯನ್ನು ನೋಡಲಿಲ್ಲ. ಅಳಲೂ ಇಲ್ಲ, ಹೊಡೆಯಲೂ ಇಲ್ಲ. ಹೊಡೆದಿದ್ದರೆ ಹರ್ಷಿತಾಳಿಗೆ ಒಂದಿಷ್ಟು ಹಗುರವಾಗುತ್ತಿತ್ತು. ಚಂಪಾ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಇಲ್ಲಿ ಹೇಳಿದ್ದು ಸಾಕು. ಕೆಳಗೆ ಬಂದು ಹೇಳು."

"ಹೊರಗೆ ಕಾಲಿಟ್ರೆ ಮತ್ತೆ ಒಳಗೆ ಬರ್ಬೇಡ!" ಧಣಿ ಬಾಗಿಲಿಗೆ ಅಡ್ಡ ಬಂದ. "ನಿನ್ನ ಅಮ್ಮನ ಒಟ್ಟಿಗೆ ಮೀನಿನ ಬುಟ್ಟಿ ಹೊರ್ಲಿಕ್ಕೆ ಹೋಗು, ನಾತದ ಜಾತಿ! ಎ.ಸಿ. ರೂಮಿನಲ್ಲಿ ಕೂರಿಸಿದ್ದೇ ನನ್ನ ತಪ್ಪು."

"ಆಚೆ ಹೋಗಿ ಸರ್" ಎಂದಳು ಹರ್ಷಿತಾ. ಅವನು ಹೋಗದಿದ್ದಾಗ ಭುಜದಿಂದ ನೂಕಿಕೊಂಡೇ ದಾಟಿದಳು.

ಯಾರ್ಡಿನಲ್ಲಿ ಡ್ರೈವರುಗಳು ಆಂಬುಲೆನ್ಸನ್ನು ಸುತ್ತುವರಿದು ನಿಂತಿದ್ದರು. ಅವರನ್ನು ಮಾಳಿಗೆಗೆ ಬಿಡುವ ಕ್ರಮ ಇಲ್ಲ. ಹಾಗಾಗಿ ಚಂಪಾ ಎಳೆದುಕೊಂಡು ಬಂದ ಈ ಹುಡುಗಿ ಯಾರೆಂದು ಅವರಿಗೆ ತಿಳಿಯಲಿಲ್ಲ. ಸಂಬಂಧದವಳಿರಬೇಕೆಂದು ಒಬ್ಬ ದಾರಿ ಬಿಟ್ಟುಕೊಟ್ಟ.

"ಬೋಜಣ್ಣ ನೋವು ಅಂತ ನನ್ನ ಹತ್ತಿರ ಹೇಳಿದ್ರು" ಎಂದು ಅವಳು ಬಾಯಿ ತೆರೆದದ್ದೇ ತಡ, ಎಲ್ಲರೂ ಒಟ್ಟಿಗೆ ಅವಳ ಕಡೆ ತಿರುಗಿದರು. ಪ್ರತಿಯೊಬ್ಬನನ್ನೂ ನಿದ್ದೆಯಿಂದ ಎಬ್ಬಿಸಿದ ಸ್ವರ ಅದು. ಜ್ವರದಲ್ಲಿ, ಮಗುವಿನ ನಾಮಕರಣದ ದಿನ, ಅಪ್ಪ ಸತ್ತು ಬೊಜ್ಜ ಮಾಡುವ ದಿನ ಗಾಡಿ ಹತ್ತಿಸಿದ ಸ್ವರ.

"ಧಣಿಯೂ ಕೇಳಿದ್ರು. ಆದ್ರೂ ಹೊರಡಿ ಅಂದದ್ದು ನಾನು. ಯಾದವಣ್ಣ ಇಳಿದು ನೋಡ್ತೇನೆ ಅಂದಾಗ ಬೇಡ ಅಂದದ್ದೂ ನಾನು. ಆಗ ನೋಡಿದ್ರೆ ಬದುಕ್ತಿದ್ರೋ ಏನೋ."

ಗುಂಪಿನಿಂದ ಯಾದವಣ್ಣ ಮುಂದೆ ಬಂದ. ದಪ್ಪ ಮೀಸೆಯ ಗಂಡಸು, ಮುಖ ಬಿಳಿಚಿತ್ತು. ಮೇಲಿನ ಕಿಟಕಿಯಿಂದ ಧಣಿ, "ಯಾದವಾ, ನಿನ್ನ ಗಾಡಿ ಲೋಡಿಗೆ ಹೋಗ್ಲಿಕ್ಕುಂಟು! ಅವಳ ನಾಟಕ ಎಂತ ನೋಡುದು?" ಎಂದು ಕೂಗಿದ.

ಯಾದವಣ್ಣ ತಲೆಯೆತ್ತಲಿಲ್ಲ. ನೇರ ಹರ್ಷಿತಾಳ ಎದುರಿಗೇ ಬಂದು ನಿಂತ. ಅವಳ ಕೆನ್ನೆಗೆ ಬಾರಿಸುತ್ತಾನೆಂದು ಎಲ್ಲರೂ ಎಣಿಸಿದರು. ಅವಳೂ ಕಣ್ಣು ಮುಚ್ಚಿದಳು.

"ಇನ್ನೊಮ್ಮೆ ಹೇಳು" ಎಂದ ಅವನು. "ಗಟ್ಟಿ ಹೇಳು. ಹಿಂದೆ ನಿಂತವರಿಗೆ ಕೇಳ್ಲಿಲ್ಲ."

ಚಂಪಾ ಹಿಡಿದ ಕೈ ಬಿಟ್ಟಿರಲಿಲ್ಲ. ಹರ್ಷಿತಾ ಮೊದಲಿನಿಂದ ಹೇಳತೊಡಗಿದಳು.