ನಲ್ಲಪ್ಪ ಮಾಮನ ಬುಕ್ಕಿನ ಬಲಗಡೆ ಅಂಚು

ಚಿಂತಾಮಣೀಲಿ ಬೈಂಡಿಂಗ್ ಅಂದ್ರೆ ಸಾಕು, "ಸ್ಪೈರಲ್ಲಾ?" ಅಂತಾರೆ. ಅಲ್ಲಪ್ಪ! ಹಾಳೆಗಳನ್ನ ಕಂತೆ ಕಂತೆಯಾಗಿ ಮಡಚಿ, ಸೂಜಿ ದಾರದಲ್ಲಿ ಹೊಲಿದು, ಮೈದಾ ಅಂಟು ಬಳಿದು, ಬೆನ್ನಿಗೆ ಚರ್ಮ ಹಾಕೋದು! ಎರಡು ವರ್ಷದಿಂದ ನಂಗೆ ಇದೇ ಹುಚ್ಚು. ಯಾರಾದ್ರೂ ಒಂದು ನಿಜವಾದ ಬುಕ್ ಕೊಡ್ಲಿ ಅಂತ ಕಾಯ್ತಿದ್ದೆ. ನಲ್ಲಪ್ಪ ಮಾಮ ಕೊಟ್ರು.

ಮಾಮ ಮದುವೆ ಕುದುರಿಸೋರು. ಗೌರಿಬಿದನೂರಿಂದ ಶಿಡ್ಲಘಟ್ಟದವರೆಗೂ ಯಾವ ಮನೇಲಿ ಗಂಡು, ಯಾವ ಮನೇಲಿ ಹೆಣ್ಣು, ಯಾರ ಗುಣ ಏನು, ಎಲ್ಲಾ ಒಂದೇ ದಪ್ಪ ನೋಟ್‌ಬುಕ್ಕಲ್ಲಿ. ಅವ್ರಿಗೆ ಮುಖ ನೆನಪಿರುತ್ತೆ, ಗುಣ ನೆನಪಿರಲ್ಲ.

"ಭಾನುವಾರ ಮಂಚೇನಹಳ್ಳಿಗೆ ಹೋಗ್ಬೇಕು ಕಣಮ್ಮ ತನುಜ. ಕದಿರಮ್ಮನ ಮೊಮ್ಮಗಳು ಕವಿತ ಆರು ಗಂಡು ಬೇಡ ಅಂದವ್ಳೆ. ಈ ಸಲಾನೂ ಕುದುರ್ಲಿಲ್ಲ ಅಂದ್ರೆ ಫೋನಿನ ಮದುವೆ ಆ್ಯಪ್‌ಗೆ ಹಾಕ್ತಾರಂತೆ. ನನ್ನ ಮೂವತ್ತು ವರ್ಷದ ಮರ್ಯಾದೆ!"

ಮೂರು ದಿನ ಕೂತೆ. ಶಿಡ್ಲಘಟ್ಟದ ಕೆಂಪು ರೇಷ್ಮೆ ದಾರದಲ್ಲಿ ಬೆನ್ನಿನ ತುದಿ ಕಟ್ಟಿದೆ. ಅಂಚೆಲ್ಲ ಇಲಿ ಕಡ್ದಂಗಿತ್ತು, ಮಷೀನಿಗಿಟ್ಟು ಒಂದೇ ಏಟಿಗೆ ನೀಟಾಗಿ ಕತ್ತರಿಸಿದೆ. ಬುಕ್ ಬಾಳೆಲೆ ಥರ ಮಟ್ಟಸವಾಗಿ ತೆರ್ಕೊಳ್ತಿತ್ತು! ಮಾಮ ಕಣ್ಣಿಗೆ ಒತ್ಕೊಂಡು, "ನೀನೂ ಬಾ, ಎಲ್ರಿಗೂ ತೋರ್ಸಣ" ಅಂದ್ರು.

ಮಂಚೇನಹಳ್ಳೀಲಿ ಕಾಫಿ ಆಯ್ತು. ಮಾಮ ಗತ್ತಲ್ಲಿ ಬುಕ್ ತೆಗೆದ್ರು.

"ಹುಡುಗ ಮುನೇಶ್. ತೊಂಡೇಬಾವಿ. ಸೋಲಾರ್ ಪಂಪ್ ಫಿಟ್ ಮಾಡೋ ಕೆಲಸ. ಕುಡಿತ..."

ಮಾಮ ಬುಕ್ ಹತ್ರ ಹಿಡ್ಕೊಂಡ್ರು. ಕನ್ನಡಕ ಒರೆಸ್ಕೊಂಡ್ರು.

"ಕುಡಿತ... ಸಿಗರೇಟು... ಬುದ್ಧಿ..."

"ಏಮಯ್ಯಾ ನಲ್ಲಪ್ಪ," ಅಂದ್ರು ಕದಿರಮ್ಮಜ್ಜಿ ತೆಲುಗಲ್ಲಿ, "ಉಂದಾ, ಲೇದಾ? ಇದೆಯೋ, ಇಲ್ವೋ?"

ನಾನು ಬಗ್ಗಿ ನೋಡ್ದೆ. ಮಾಮ ಬಲಗಡೆ ಪುಟದಲ್ಲಿ ಮಾತ್ರ, ಅಂಚಿಗೆ ಒಂದಿಂಚೂ ಜಾಗ ಬಿಡದೆ ಬರೆಯೋರು, ಎಲ್ಲಾ ಸಾಲಿನ ಕೊನೇಲಿ, ಬಲಗಡೆ ತುದೀಲಿ, ಒಂದರ ಕೆಳಗೊಂದು "ಇದೆ", "ಇಲ್ಲ" ಅಂತ ಹಾಕಿದ್ರು. ನಾನು ಕತ್ತರಿಸಿದ್ದು ಅದನ್ನೇ! ಹಳೇ ಬೈಂಡರ್‌ಗಳು ಕತ್ತರಿಸೋ ಮುಂಚೆ ಪ್ರತಿ ಹಾಳೆ ಅಂಚು ನೋಡ್ತಿದ್ರಂತೆ. ನಾನು ಹಾಡು ಕೇಳ್ತಾ ಕತ್ತರಿಸಿದ್ದೆ.

"ಆ ಚೂರುಗಳೆಲ್ಲಮ್ಮ?" ಮಾಮ ಪಿಸುಗುಟ್ಟಿದ್ರು.

"ಅಮ್ಮ ಸ್ನಾನದ ಒಲೆಗೆ ಹಾಕಿದ್ರು ಮಾಮ."

"ಅಂದ್ರೆ ನನ್ನ ಇಲ್ಲಗಳೆಲ್ಲ ಸುಟ್ಟೋದ್ವಾ?"

"ಇದೆಗಳೂ ಸುಟ್ಟೋದ್ವು..."

ಅಜ್ಜಿ ಸೆರಗು ಸಿಗಿಸ್ಕೊಂಡು ಎದ್ರು. "ಹುಡುಗಂಗೆ ಬುದ್ಧಿ ಇದೆಯೋ ಇಲ್ವೋ ಗೊತ್ತಿಲ್ದೆ ನಮ್ಮನೆ ಕಾಫಿ ಕುಡಿಯಕ್ಕೆ ಬಂದ್ಯೇನಯ್ಯ? ಲೇ ಕವಿತ, ಆ ಆ್ಯಪ್ ಹಾಕ್ಕೊಳ್ಳೇ!"

ಕವಿತ ಬಾಗಿಲ ಹತ್ರ ಬಾಯಿ ಮುಚ್ಕೊಂಡು ನಗ್ತಿದ್ಲು. ಬಂದು ಬುಕ್ ಕಿತ್ಕೊಂಡ್ಲು, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ್ಲು.

"ಮುನೇಶ್ ಅವ್ರಾ? ನಾನು ಮಂಚೇನಹಳ್ಳಿ ಕವಿತ. ನಿಮ್ಮ ಗುಣ ಅರ್ಧ ಕಟ್ ಆಗಿದೆ. ನಾನು ಓದ್ತೀನಿ, ನೀವು ತುಂಬಿ. ಕುಡಿತ?"

"ಆಂ? ಇಲ್ಲ."

"ಸಿಗರೇಟು?"

"ಇತ್ತು. ಯುಗಾದಿಗೆ ಬಿಟ್ಟೆ."

"ಗೊರಕೆ?"

"ಮಲಗಿರೋನಿಗೆ ಹೆಂಗ್ರೀ ಗೊತ್ತಾಗುತ್ತೆ?"

ಅಜ್ಜಿ ನಗು ತಡೆಯಕ್ಕೆ ಕೆಮ್ಮಿದ್ರು.

"ಬುದ್ಧಿ?"

ಆ ಕಡೆಯಿಂದ ಮೆಲ್ಲಗೆ, "ನಲ್ಲಪ್ಪನೋರು ಏನಂತ ಬರ್ದಿದ್ರು?"

"ಅದೇ ಸುಟ್ಟೋಯ್ತು."

"ಹಂಗಾದ್ರೆ ಬಂದು ತೋರಿಸ್ತೀನಿ. ನಿಮ್ಮ ಪೇಜೂ ಕಟ್ ಆಗಿರುತ್ತಲ್ಲ, ಓದ್ರಿ."

ಕವಿತ ತನ್ನ ಹಾಳೆ ತಿರುವಿದ್ಲು. "ಅಡುಗೆ... ಬರಲ್ಲ. ಸಹನೆ... ಇಲ್ಲ. ದೊಡ್ಡೋರ ಮಾತು ಕೇಳೋದು..." ಅಜ್ಜಿ ಮುಖ ನೋಡಿದ್ಲು. "ಅದು ಯಾವ ಮಾತು ಅನ್ನೋದರ ಮೇಲಿದೆ."

"ಅನ್ನ ಸಾರು ನಂಗೆ ಬರುತ್ತೆ ರೀ," ಅಂದ ಮುನೇಶ.

ಅಜ್ಜಿ ಫೋನಿಗೆ ಬಾಯಿಟ್ಟು, "ಬುಧವಾರ ಬಾರಪ್ಪ, ಅಪ್ಪ ಅಮ್ಮನ್ನೂ ಕರ್ಕೊಂಡ್ಬಾ" ಅಂದ್ರು. ಆರು ಗಂಡು ಬೇಡ ಅಂದ ಕವಿತ ಈ ಸಲ ಬೇಡ ಅನ್ಲಿಲ್ಲ.

ವಾಪಸ್ ಬಸ್ಸಲ್ಲಿ ಮಾಮ ಹೊಸ ಬುಕ್ಕನ್ನ ತೊಡೆ ಮೇಲಿಟ್ಟು ಸವರ್ತಾ ಕೂತಿದ್ರು. ಆಮೇಲೆ ತಮ್ಮ ಫೋನ್ ನನ್ನ ಕೈಗೆ ತುರುಕಿದ್ರು.

"ಇನ್ನೂರ ಹದಿನಾಲ್ಕು ಜನ ಇದಾರೆ ಕಣಮ್ಮ. ಒಬ್ಬೊಬ್ರಿಗೂ ನೀನೇ ಫೋನ್ ಮಾಡಿ ಕೇಳಿ ತುಂಬು. ಬುದ್ಧಿ ವಿಷಯ ಮಾತ್ರ ನಯವಾಗಿ ಕೇಳು."